ಒಂದು ಕ್ರಸ್ಟ್‌ಗೇಟ್, ನಾಲ್ಕು ಸುದ್ದಿಮೂಲ: ಏಳು ದಿನಗಳ ಹೋಲಿಕೆ

2024ರ ಆಗಸ್ಟ್ 10ರ ಶನಿವಾರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ (ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ತಡೆಯುವ ಬಾಗಿಲು) ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋದಾಗ ನಾನು ಬಳ್ಳಾರಿಯ ಹಾಸ್ಟೆಲಿನಲ್ಲಿ ನಿದ್ದೆ ಮಾಡುತ್ತಿದ್ದೆ. ಪತ್ರಿಕೋದ್ಯಮ ಎಂ.ಎ.ಯ ಆ ಸೆಮಿಸ್ಟರಿನಲ್ಲಿ ನಮಗೆ ‘ಸುದ್ದಿ ದಿನಚರಿ’ ಎಂಬ ಕೆಲಸವನ್ನು ಕೊಟ್ಟಿದ್ದರು. ಯಾವುದಾದರೂ ಒಂದೇ ಸುದ್ದಿಯನ್ನು ಏಳು ದಿನ ನಾಲ್ಕು ಮಾಧ್ಯಮಗಳಲ್ಲಿ ಹಿಂಬಾಲಿಸಿ, ಯಾವುದು ಯಾವುದಕ್ಕೆ ಒದಗಿತು ಎಂದು ಬರೆದು ಒಪ್ಪಿಸಬೇಕಿತ್ತು. ಪ್ಯಾರಿಸ್ ಒಲಿಂಪಿಕ್ಸ್ ಮುಗಿಯುವ ದಿನಗಳಾದ್ದರಿಂದ ಅದನ್ನೇ ಆರಿಸಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಮನೆಯಿಂದ ಫೋನ್ ಬಂದ ಮೇಲೆ ಒಲಿಂಪಿಕ್ಸ್ ಕೈಬಿಟ್ಟೆ. ಅಪ್ಪನದು ಮಾನ್ವಿ ತಾಲ್ಲೂಕಿನಲ್ಲಿ ಭತ್ತದ ಗದ್ದೆ. ಅದೇ ಜಲಾಶಯದ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರು ಮುಗಿಸಿ ಬಿಟ್ಟ ನೀರು ನಮಗೆ ಬರಬೇಕು.

ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಂಡು ನಾಲ್ಕು ಮನೆ ಗೆರೆ ಹೊಡೆದೆ: ಯಾವಾಗ ತಿಳಿಯಿತು, ಏನು ತಿಳಿಯಿತು, ಹೇಳಿದ್ದು ಯಾರು, ತಪ್ಪಿದ್ದರೆ ತಿದ್ದಿದರೇ. ಮೊದಲೆರಡು ಮನೆಗಳೇ ಮುಖ್ಯವೆಂದು ಆಗ ಎಣಿಸಿದ್ದೆ. ವಾರ ಮುಗಿಯುವ ಹೊತ್ತಿಗೆ ಮೂರನೆಯದು ಬಿಟ್ಟರೆ ಉಳಿದವನ್ನು ನಾನು ಹೆಚ್ಚು ನೋಡುತ್ತಿರಲಿಲ್ಲ.

ವೇಗದ ಮಾತು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಸ್ಪರ್ಧೆಯೇ ಇಲ್ಲ. ಗೇಟ್ ಹೋದದ್ದು ಮೊಬೈಲಿನಲ್ಲಿ ರಾತ್ರೋರಾತ್ರಿ ಹರಡಿತ್ತು; ಬೆಳಿಗ್ಗೆ ನಾನು ಎದ್ದಾಗ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅರವತ್ತಕ್ಕೂ ಹೆಚ್ಚು ಸಂದೇಶಗಳು ಕಾದಿದ್ದವು. ಟಿ.ವಿ. ಹಾಕಿದಾಗ ಅಲ್ಲಿಯೂ ಅದೇ ಸುದ್ದಿ ಇತ್ತು. ಬೆಳಗಿನ ಬಾನುಲಿ ವಾರ್ತೆಯಲ್ಲೂ ಬಂತು. ಹಾಸ್ಟೆಲಿಗೆ ಬರುವ ದಿನಪತ್ರಿಕೆಯಲ್ಲಿ ಮಾತ್ರ ಒಂದಕ್ಷರವೂ ಇರಲಿಲ್ಲ. ಗೇಟ್ ಹೋದದ್ದು ತಡರಾತ್ರಿಯಾದ್ದರಿಂದ ಆ ಪುಟಗಳು ಅಷ್ಟರಲ್ಲಿ ಅಚ್ಚಿಗೆ ಹೋಗಿದ್ದವು. ಅರವತ್ತೈದು ಕಿಲೋಮೀಟರ್‌ಗೂ ಕಡಿಮೆ ದೂರದಲ್ಲಿ ನದಿ ನುಗ್ಗುತ್ತಿರುವಾಗ ಮುಖಪುಟದಲ್ಲಿ ಪ್ಯಾರಿಸ್ ಇತ್ತು.

ಹಾಗೆಂದು ಮೊದಲು ಬಂದ ಮೊಬೈಲಿಗೆ ಮೊದಲ ಸ್ಥಾನ ಕೊಡುವ ಹಾಗಿಲ್ಲ. ಆ ಅರವತ್ತು ಚಿಲ್ಲರೆ ಸಂದೇಶಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಇಳಿಸಲು ಕುಳಿತಾಗ ‘ಹೇಳಿದ್ದು ಯಾರು’ ಎಂಬ ಮನೆ ಬಹುಪಾಲು ಖಾಲಿ ಉಳಿಯಿತು. ಅದರಲ್ಲೊಂದು ವಿಡಿಯೊ: ಕೆನ್ನೀರು ಸೇತುವೆಯೊಂದನ್ನು ನುಂಗುತ್ತಿದೆ, ಕೆಳಗೆ ‘ಟಿ.ಬಿ. ಡ್ಯಾಂ ಈಗ’ ಎಂಬ ಬರಹ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿತ್ತು, ಅಂದರೆ ಅದಾಗಲೇ ಹಲವು ಕೈ ದಾಟಿ ಬಂದದ್ದು. ತರಗತಿಯಲ್ಲಿ ಕಲಿಸಿದಂತೆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೇತುವೆಯ ಕಂಬಗಳ ಹಿಂದೆ ತೆಂಗಿನ ತೋಟಗಳು ದಟ್ಟವಾಗಿದ್ದವು, ಅಂಗಡಿಯೊಂದರ ಫಲಕ ಮಲಯಾಳದಲ್ಲಿತ್ತು. ಗುಂಪಿನಲ್ಲಿ ಹಾಗೆಂದು ಬರೆದೆ. ಐದು ನಿಮಿಷದಲ್ಲಿ ವಿಡಿಯೊ ಹಾಕಿದವರು ಅದನ್ನು ಅಳಿಸಿದರು, ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿಯಿತೇ ಹೊರತು ಅದರಲ್ಲಿ ಏನಿತ್ತು, ಏಕೆ ಅಳಿಸಿದರು ಎಂಬುದು ಉಳಿಯಲಿಲ್ಲ. ತಪ್ಪು ಮಾಡಿದ್ದಕ್ಕಿಂತ, ತಪ್ಪಾಗಿತ್ತು ಎಂಬುದೇ ಉಳಿಯದಂತೆ ಅಳಿಸಿಹೋಗುವ ಈ ಸೌಲಭ್ಯ ನನಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿತು. ಅಷ್ಟರಲ್ಲಿ ಅದನ್ನು ಬೇರೆ ಗುಂಪುಗಳಿಗೆ ದಾಟಿಸಿದ್ದವರಿಗೆ ಈ ಅಳಿಸುವಿಕೆ ತಿಳಿಯುವುದೇ ಇಲ್ಲ.

ಮೊಬೈಲಿನಲ್ಲಿ ನಂಬಿಕೆಗೆ ಅರ್ಹವಾದದ್ದು ಒಂದೇ ಇತ್ತು. ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಎಂದು ನಾಲ್ಕು ಸಾಲಿನಲ್ಲಿ ಬರುವ ದಿನದ ಲೆಕ್ಕ. ಅದರಲ್ಲಿ ವಿಶೇಷಣವೂ ಇಲ್ಲ, ಕ್ರಿಯಾಪದವೂ ಇಲ್ಲ. ನಮ್ಮೂರಿನ ರೈತರು ಮಳೆಗಾಲದುದ್ದಕ್ಕೂ ಪಂಚಾಂಗದ ಹಾಗೆ ನೋಡುವುದು ಅದನ್ನೇ.

ಟಿ.ವಿ.ಯ ವಿಚಾರಕ್ಕೆ ಬಂದರೆ ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಅದು, ಅತಿ ಕಡಿಮೆ ಕೊಟ್ಟದ್ದೂ ಅದೇ. ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಚಾನೆಲ್ ನೋಡುತ್ತ ಕುಳಿತೆ. 19ನೇ ಗೇಟಿನಿಂದ ನೀರು ಧುಮುಕುವ ಒಂದು ದೃಶ್ಯತುಣುಕನ್ನು ಕೆಂಪು ವೃತ್ತ, ಕೆಂಪು ಬಾಣಗಳೊಂದಿಗೆ ಮತ್ತೆ ಮತ್ತೆ ತೋರಿಸಿದರು. ಮೂವತ್ತೆರಡನೆಯ ಸಲಕ್ಕೆ ನಾನು ಎಣಿಸುವುದನ್ನು ಬಿಟ್ಟೆ. ಕೆಳಗಿನ ಪಟ್ಟಿಯಲ್ಲಿ ‘35 ಸಾವಿರ ಟಿಎಂಸಿ ನೀರು ನದಿ ಪಾಲು’ ಎಂಬ ಸಾಲು ಮುಕ್ಕಾಲು ಗಂಟೆ ಓಡಿತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹೇಳಬೇಕು, ಏಕೆಂದರೆ ಆ ವಾರ ನಾನು ಕಲಿತ ಪತ್ರಿಕೋದ್ಯಮದಲ್ಲಿ ಅರ್ಧ ಈ ಲೆಕ್ಕವೇ. ಟಿಎಂಸಿ ಎಂಬುದು ನೀರಿನ ಪ್ರಮಾಣ: ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂಬುದು ಹರಿವಿನ ಲೆಕ್ಕ: ಸೆಕೆಂಡಿಗೆ ಇಷ್ಟು ಘನ ಅಡಿ ಎಂದು. ಒಂದು ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಸುಮಾರು 11,574 ಕ್ಯುಸೆಕ್ ನೀರು ದಿನವಿಡೀ ಹರಿದರೆ ಒಂದು ಟಿಎಂಸಿ ಆಗುತ್ತದೆ. ಮುರಿದ ಗೇಟಿನಿಂದ ಹೋಗುತ್ತಿದ್ದದ್ದು ಸುಮಾರು 35 ಸಾವಿರ ಕ್ಯುಸೆಕ್, ಅಂದರೆ ದಿನಕ್ಕೆ ಮೂರು ಟಿಎಂಸಿ. ತುಂಗಭದ್ರಾ ಜಲಾಶಯದ ಈಗಿನ ಸಾಮರ್ಥ್ಯ 105.788 ಟಿಎಂಸಿ. 35 ಸಾವಿರ ಟಿಎಂಸಿ ಹರಿದುಹೋಗಬೇಕಾದರೆ ಅಂಥ ಮುನ್ನೂರ ಮೂವತ್ತು ಜಲಾಶಯಗಳು ಸಾಲಾಗಿ ಒಡೆಯಬೇಕಿತ್ತು. ಪಟ್ಟಿ ಬರೆದವರು ಕ್ಯುಸೆಕ್ ಬರೆಯುವ ಕಡೆ ಟಿಎಂಸಿ ಬರೆದಿದ್ದರು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಸಾಲು ಸದ್ದಿಲ್ಲದೆ ಮಾಯವಾಯಿತು. ತಪ್ಪಾಗಿತ್ತು ಎಂದು ಯಾರೂ ಹೇಳಲಿಲ್ಲ. ನಾಲ್ಕನೆಯ ಮನೆಯಲ್ಲಿ ‘ಇಲ್ಲ’ ಎಂದು ಬರೆದೆ.

ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿ ನಕ್ಕಾಗ ಅವರು ನಗಲಿಲ್ಲ. “ಎಷ್ಟು ನೀರು ಹೋತು ಅನ್ನೋದು ಬಿಡು ಯವ್ವಾ, ಡ್ಯಾಂನಾಗ ಎಷ್ಟು ಉಳೀತೈತಿ ಅದು ಹೇಳು,” ಎಂದರು. ಸಸಿ ನಾಟಿ ಮಾಡಿ ಹೆಚ್ಚು ದಿನವಾಗಿರಲಿಲ್ಲ. ನದಿಪಾತ್ರದ ಜನರಿಗೆ ಹೋಗುವ ನೀರು ಸುದ್ದಿ, ಕಾಲುವೆಯ ಕೊನೆ ಭಾಗದವರಿಗೆ ಉಳಿಯುವ ನೀರು ಸುದ್ದಿ. ಆ ಭಾನುವಾರ ನಾನು ನೋಡಿದ ಟಿ.ವಿ.ಯಲ್ಲಿ ಮೊದಲನೆಯದು ಮಾತ್ರ ಇತ್ತು, ಏಕೆಂದರೆ ಉಳಿಯುವ ನೀರಿಗೆ ದೃಶ್ಯವಿಲ್ಲ.

ಟಿ.ವಿ.ಗೆ ಅನ್ಯಾಯ ಮಾಡಬಾರದು. ಆ ವಾರದ ಕೊನೆಗೆ ಅದು ಕೊಟ್ಟ ಒಂದು ವಸ್ತುವನ್ನು ಬೇರೆ ಮೂರೂ ಕೊಡಲಾರವು. 16ರ ಶುಕ್ರವಾರ ಹರಿಯುವ ನೀರಿನಲ್ಲೇ, ಕೊಚ್ಚಿಹೋದ ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್‌ನ ಮೊದಲ ತುಂಡನ್ನು ಇಳಿಸುವಾಗ, ಕ್ರೇನಿನಿಂದ ತೂಗುತ್ತಿದ್ದ ಅರವತ್ತು ಅಡಿ ಉದ್ದದ ಉಕ್ಕಿನ ಹಲಗೆಯನ್ನು ನಾನು ಧ್ವನಿ ಆರಿಸಿ ನೋಡಿದೆ. ಸ್ಟುಡಿಯೊದ ಕೂಗಾಟ ನಿಂತ ಮೇಲೆ ಆ ಕೆಲಸದ ಕಷ್ಟ ಕಣ್ಣಿಗೆ ಕಂಡಿತು.

ಬಾನುಲಿಯನ್ನು ನಾಲ್ಕನೆಯ ಮಾಧ್ಯಮ ಬೇಕಲ್ಲ ಎಂಬ ಕಾರಣಕ್ಕಷ್ಟೇ ಸೇರಿಸಿಕೊಂಡಿದ್ದೆ. ಹಾಸ್ಟೆಲಿನಲ್ಲಿ ರೇಡಿಯೊ ಪೆಟ್ಟಿಗೆ ಇಲ್ಲದ ಕಾರಣ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಹಾಕಿಕೊಂಡು ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿದೆ. ಒಂದು ಬುಲೆಟಿನ್‌ನಲ್ಲಿ ಜಲಾಶಯಕ್ಕೆ ಸಿಕ್ಕಿದ್ದು ನಾಲ್ಕೈದು ವಾಕ್ಯ. ಅವನ್ನು ಕೇಳಿದ ಹಾಗೇ ಬರೆದುಕೊಂಡು ನೋಡಿದಾಗ ಬೆರಗಾಯಿತು: ಪ್ರತಿ ವಾಕ್ಯದಲ್ಲೂ ಹೇಳಿದವರು ಯಾರೆಂಬುದು ಇತ್ತು, ಒಂದು ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ಅಂಕಿ ಇರಲಿಲ್ಲ, ಕ್ಯುಸೆಕ್ ಇರಬೇಕಾದ ಕಡೆ ಕ್ಯುಸೆಕ್ಕೇ ಇತ್ತು. ಕೇಳುವವರು ಹಿಂದಕ್ಕೆ ತಿರುಗಿಸಲಾರರು ಎಂಬ ಎಚ್ಚರದಿಂದ ಬರೆದ ವಾಕ್ಯಗಳು ಹಾಗಿರುತ್ತವೆ. ತರಗತಿಯಲ್ಲಿ ‘ಬಾನುಲಿಗೆ ಬರೆಯುವುದು’ ಎಂಬ ಅಧ್ಯಾಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ನನಗೆ ಅದರ ಕಾರಣ ತಿಳಿದದ್ದು ಆ ಸೋಮವಾರ. ಆದರೆ ಆ ಕೆಲವೇ ವಾಕ್ಯಗಳಲ್ಲಿ ಒಂದು ಗೇಟ್ ಏಕೆ ಮುರಿಯಿತು, ಅದನ್ನು ಕೂರಿಸಲು ಏಕೆ ಇಷ್ಟು ದಿನ ಬೇಕು ಎಂಬುದನ್ನು ಹಿಡಿಸಲು ಸಾಧ್ಯವಿಲ್ಲ. ಏನಾಯಿತು ಎಂಬುದಕ್ಕೆ ಬಾನುಲಿ ಸಾಕು, ಏಕೆ ಎಂಬುದಕ್ಕೆ ಸಾಲದು.

ಏಕೆ ಎಂಬುದು ಭಾನುವಾರ ಸೋತಿದ್ದ ದಿನಪತ್ರಿಕೆಯಲ್ಲಿ ಸೋಮವಾರದಿಂದ ಬಂತು. ಜಿಲ್ಲಾ ಪುಟದಲ್ಲಿ ಜಲಾಶಯದ ಅಡ್ಡಸೀಳು ಚಿತ್ರ ಹಾಕಿದ್ದರು: 33 ಗೇಟ್‌ಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ, ತುಂಬಿದಾಗಿನ ಮಟ್ಟ 1,633 ಅಡಿ. ಮುರಿದ ಗೇಟಿನ ಜಾಗದಲ್ಲಿ ಕೆಲಸ ಮಾಡಬೇಕಾದರೆ ನೀರು ಗೇಟಿನ ಬುಡಕ್ಕಿಂತ ಕೆಳಗಿಳಿಯಬೇಕು, ಹಾಗೆ ಇಳಿಸಲು ಸುಮಾರು 60 ಟಿಎಂಸಿ ಹೊರಬಿಡಬೇಕಾದೀತು ಎಂಬ ಆತಂಕ ಎಲ್ಲಿಂದ ಬಂತೆಂಬುದು ಆ ಚಿತ್ರ ನೋಡಿದ ಕೂಡಲೇ ಅರ್ಥವಾಯಿತು. ಉಳಿದ ಗೇಟ್‌ಗಳನ್ನು ಏಕೆ ತೆರೆದರು ಎಂಬ ಪ್ರಶ್ನೆಗೂ ಅಲ್ಲೇ ಉತ್ತರವಿತ್ತು: ಒಂದೇ ಬಾಯಿಯ ಮೇಲೆ ಒತ್ತಡ ಬೀಳದಿರಲೆಂದು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಯೋಜನೆಯಂತೆ ಅಷ್ಟು ನೀರು ಖಾಲಿಯಾಗುವ ಮೊದಲೇ, ತಲಾ ನಾಲ್ಕು ಅಡಿ ಎತ್ತರದ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸುವ ಉಪಾಯವನ್ನೂ ನಾನು ಮೊದಲು ಓದಿ ಆಮೇಲೆ ಟಿ.ವಿ.ಯಲ್ಲಿ ನೋಡಿದೆ. ಓದಿರದಿದ್ದರೆ ಕ್ರೇನಿನ ದೃಶ್ಯ ನನಗೆ ಕಬ್ಬಿಣದ ಹಲಗೆಯೊಂದರ ತೂಗಾಟವಷ್ಟೇ ಆಗುತ್ತಿತ್ತು.

ಪತ್ರಿಕೆಯ ದೋಷ ಮುಚ್ಚಿಡುವಂಥದ್ದಲ್ಲ. ಸ್ವಾತಂತ್ರ್ಯ ದಿನದ ರಜೆಯಿಂದಾಗಿ ಮಾರನೆಯ ದಿನ, ಅಂದರೆ ಸ್ಟಾಪ್‌ಲಾಗ್ ಕೂರುತ್ತದೋ ಇಲ್ಲವೋ ಎಂದು ನಾಲ್ಕು ಜಿಲ್ಲೆಗಳು ಕಾಯುತ್ತಿದ್ದ 16ರ ಬೆಳಿಗ್ಗೆಯೇ, ಪತ್ರಿಕೆ ಬರಲಿಲ್ಲ. ಪುಸ್ತಕದಲ್ಲಿ ಆ ದಿನದ ಮನೆ ಪೂರ್ತಿ ಖಾಲಿ. ಆದರೂ ನಮ್ಮ ಪತ್ರಿಕಾ ಇತಿಹಾಸದ ಪಾಠದಲ್ಲಿ ಬರುವ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಶುರುವಾಗಿ ಹದಿನೈದು ದಿನಕ್ಕೊಮ್ಮೆ ಹೊರಬರುತ್ತಿತ್ತು, ಮರುವರ್ಷ ಇದೇ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು ಎಂಬುದನ್ನು ನೆನೆದರೆ ಒಂದು ದಿನದ ತಡಕ್ಕೆ ಗೊಣಗಲು ನಾಚಿಕೆಯಾಗುತ್ತದೆ. ಪತ್ರಿಕೆಯೂ ಒಂದು ಅಂಕಿ ತಪ್ಪು ಮಾಡಿತು, ಆದರೆ ಸೋಮವಾರದ್ದನ್ನು ಬುಧವಾರ ಒಳಪುಟದ ಮೂಲೆಯಲ್ಲಿ ಎರಡು ಸಾಲಿನಲ್ಲಿ ತಿದ್ದಿಕೊಂಡಿತು. ಎರಡನ್ನೂ ಕತ್ತರಿಸಿ ಅಕ್ಕಪಕ್ಕ ಅಂಟಿಸಿದ್ದೇನೆ. ಏಳು ದಿನಗಳಲ್ಲಿ ನಾಲ್ಕನೆಯ ಮನೆಯಲ್ಲಿ ‘ಹೌದು’ ಎಂದು ಬರೆದದ್ದು ಅದೊಂದೇ ಕಡೆ.

ಮೂರನೆಯ ಮನೆ ಏಕೆ ಇಷ್ಟು ಮುಖ್ಯವಾಯಿತು ಎಂಬುದಕ್ಕೆ ತುಂಗಭದ್ರೆಯೇ ಕಾರಣ. ಈ ಜಲಾಶಯವನ್ನು ನೋಡಿಕೊಳ್ಳುವುದು ರಾಜ್ಯದ ನೀರಾವರಿ ಇಲಾಖೆಯಲ್ಲ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರಕ್ಕೂ ಸಂಬಂಧಿಸಿದ ತುಂಗಭದ್ರಾ ಮಂಡಳಿ. 1953ರಿಂದ ನೀರು ನಿಲ್ಲಿಸಿಕೊಂಡು ಬಂದ ಗೇಟ್‌ಗಳ ನಿರ್ವಹಣೆಯಲ್ಲಿ ಲೋಪವಾದದ್ದು ಯಾರಿಂದ ಎಂದು ಆ ವಾರ ಆಡಳಿತ ಪಕ್ಷ, ವಿರೋಧ ಪಕ್ಷಗಳು ವಾದಿಸುತ್ತಿದ್ದವು. ಹಾಗಿರುವಾಗ ಗೇಟ್ ನಿರ್ವಹಣೆ ಸರಿಯಾಗಿತ್ತು ಎಂಬ ಮಾತನ್ನು ಮಂಡಳಿಯ ಎಂಜಿನಿಯರ್ ಹೇಳಿದರೆ ಒಂದು ಅರ್ಥ, ರಾಜ್ಯದ ಅಧಿಕಾರಿ ಹೇಳಿದರೆ ಇನ್ನೊಂದು, ಸಚಿವರು ಹೇಳಿದರೆ ಮತ್ತೊಂದು. ಹೆಸರಿಲ್ಲದೆ ‘ಮೂಲಗಳು ತಿಳಿಸಿವೆ’ ಎಂದರೆ ಮೂರರಲ್ಲಿ ಯಾವುದೂ ಅಲ್ಲ.

17ರ ಶನಿವಾರ ಐದೂ ತುಂಡುಗಳು ಕೂತು ಆ ಬಾಯಿ ಮುಚ್ಚಿತು. ಮುಂಗಾರಿನ ಒಳಹರಿವು ಮುಂದುವರಿದು ಜಲಾಶಯ ಮತ್ತೆ ತುಂಬಿಕೊಂಡಿತು, ಅಪ್ಪನ ಗದ್ದೆಗೂ ನೀರು ಬಂತು. ಆ ನಂತರ ನನ್ನ ರೂಢಿ ಬದಲಾಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಬಾನುಲಿ ವಾರ್ತೆ, ಮಧ್ಯಾಹ್ನ ಪೆನ್ನು ಹಿಡಿದು ಪತ್ರಿಕೆ, ಮೊಬೈಲಿನಲ್ಲಿ ಜಲಾಶಯದ ನಾಲ್ಕು ಸಾಲು. ಟಿ.ವಿ.ಯನ್ನು ಏನಾದರೂ ನಡೆಯುತ್ತಿರುವಾಗ ಮಾತ್ರ, ಧ್ವನಿ ಆರಿಸಿ. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಪತ್ರಿಕೆಯನ್ನು ಉಳಿಸಿಕೊಳ್ಳುತ್ತೇನೆ, ರಜೆಯ ಮರುದಿನವನ್ನು ಸಹಿಸಿಕೊಂಡು.

ದಿನಚರಿಯನ್ನು ಒಪ್ಪಿಸಿದ ಎರಡು ವಾರಕ್ಕೆ ಮೇಡಂ ಹಿಂತಿರುಗಿಸಿದರು. ಇಪ್ಪತ್ತಕ್ಕೆ ಹದಿನಾರು ಅಂಕ. ಟಿಎಂಸಿ ಲೆಕ್ಕದ ಪಕ್ಕದಲ್ಲಿ ಸರಿಯೆಂಬ ಗುರುತಿತ್ತು. ಮೂರನೆಯ ಪುಟದಲ್ಲಿ ನಾನು ‘ಅಧಿಕಾರಿಗಳ ಪ್ರಕಾರ ಹೊರಹರಿವು ಒಂದು ಲಕ್ಷ ಕ್ಯುಸೆಕ್’ ಎಂದು ಬರೆದಿದ್ದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡೇ ಪದಗಳಿದ್ದವು: “ಯಾವ ಅಧಿಕಾರಿ?”