ದುಬೈ ಮಸಾಲೆ ಪೇಟೆಗೆ ಹೋಗುವವರೇ, ದರ ಎಷ್ಟು ಗ್ರಾಂಗೆ ಅಂತ ಮೊದಲು ಕೇಳಿ

ಶಿರಸಿ, ಭಟ್ಕಳ, ಕಾರವಾರದ ಕಡೆಯಿಂದ ದುಬೈಗೆ ಮಕ್ಕಳನ್ನು ನೋಡಲು ಹೋಗುವವರು ಜಾಸ್ತಿ. ಹೋದವರು ಡೇರಾದ ಸ್ಪೈಸ್ ಸೂಕ್‌ಗೆ, ಅಂದರೆ ಹಳೆಯ ಮಸಾಲೆ ಪೇಟೆಗೆ, ಒಂದು ಸುತ್ತು ಹಾಕಿಯೇ ಬರುತ್ತಾರೆ. ಖಾರಿಯ ಆಚೆ ದಡದ ಬರ್ ದುಬೈ ಕಡೆಯಿಂದ 1 ದಿರ್ಹಂ ಕೊಟ್ಟು ಅಬ್ರಾ ದೋಣಿ ಹತ್ತಿದರೆ ಹತ್ತಿರವೇ ಇಳಿಯಬಹುದು. ಹೋಗಬೇಡಿ ಅಂತಲ್ಲ. ನನಗೂ ಅತ್ತಿಗೆಗೂ ಅಲ್ಲಿ ಆಗಿದ್ದನ್ನು ಓದಿಕೊಂಡು ಹೋಗಿ.

ಅಂಗಡಿ ಮುಂದೆ ಚೀಲಗಟ್ಟಲೆ ಒಣ ಗುಲಾಬಿ ಮೊಗ್ಗು, ಕಪ್ಪಗಾದ ಒಣ ನಿಂಬೆ, ಲೋಬಾನ. ಮೊಗ್ಗಿಗೆ ಎಷ್ಟು ಅಂತ ಅತ್ತಿಗೆ ಕೇಳಿದರು. 'ಹತ್ತೇ ದಿರ್ಹಂ ದೀದಿ' ಅಂದ ಹುಡುಗ, ಹಿಂದಿಯಲ್ಲಿ. 'ಸ್ವಲ್ಪ ಹಾಕು' ಅನ್ನುವುದರೊಳಗೆ ಚೀಲ ಅರ್ಧ ತುಂಬಿತ್ತು. ಚಹಾಕ್ಕೆ ಚೆನ್ನಾಗಿರುತ್ತದೆ ಅಂತ ಅದರ ಮೇಲೇ ಏಲಕ್ಕಿ ಸುರಿದ, ಕೇಸರಿ ಉದುರಿಸಿದ, ಚೀಲವನ್ನು ಗಡಗಡ ಅಲ್ಲಾಡಿಸಿದ. ಕಿತಾಪತಿ ಇರೋದೇ ಇಲ್ಲಿ. ಬೆರೆಸಿದ ಮೇಲೆ ಬೇಡ ಅಂದರೂ ಬೇರೆ ಮಾಡೋಕಾಗಲ್ಲ.

ಬಿಲ್ಲು 310 ದಿರ್ಹಂ! ಹತ್ತು ದಿರ್ಹಂ ಅಂದಿದ್ದು 10 ಗ್ರಾಂಗಂತೆ. ಬೇಡ ಅಂದ ಕೂಡಲೇ ದನಿ ಬದಲಾಯಿತು. 'ಇದನ್ನು ಇನ್ಯಾರಿಗೆ ಮಾರಲಿ?' ಒಳಗಿಂದ ಇನ್ನೊಬ್ಬ ಬಂದು ಬಾಗಿಲಿಗೆ ಅಡ್ಡ ನಿಂತ. ಜಗ್ಗಾಡಿ 180ಕ್ಕೆ ಇಳಿಸಿದೆವು.

ನಮ್ಮಲ್ಲಿ ಚಾಲಿ ಅಡಿಕೆ ದರ ಅಂದರೆ ಕ್ವಿಂಟಲ್‌ಗೆ ಅಂತ ಮಕ್ಕಳಿಗೂ ಗೊತ್ತು. ಅಲ್ಲಿ ಹಾಗೆ ಅಂದುಕೊಳ್ಳಬೇಡಿ. ಕೇಜಿಗೋ, 100 ಗ್ರಾಂಗೋ, 10 ಗ್ರಾಂಗೋ ಅಂತ ಬಾಯಿಬಿಟ್ಟು ಹೇಳಿಸಿ, ಆಮೇಲೆ ಚೀಲಕ್ಕೆ ಹಾಕಿಸಿ. ಒಂದೊಂದು ಸಾಮಾನಿಗೂ ಬೇರೆ ಪೊಟ್ಟಣ ಕೇಳಿ.

ಕಾರ್ಡ್ ಉಜ್ಜುವಾಗ ಇನ್ನೊಂದು ಪೆಟ್ಟು. ದಿರ್ಹಮ್ಮಾ, ರೂಪಾಯಾ ಅಂತ ಮೆಷಿನ್ ಕೇಳುತ್ತದೆ. ಅವನು ನಮ್ಮನ್ನು ಕೇಳದೇ ರೂಪಾಯಿ ಒತ್ತಿದ. ಹಾಗೆ ಒತ್ತಿದರೆ ನಮ್ಮ ಬ್ಯಾಂಕಿನ ದರ ಸಿಗಲ್ಲ, ಮೆಷಿನ್ ಕಡೆಯವರು ತಮ್ಮ ಲಾಭ ಸೇರಿಸಿದ ದರ ಬೀಳುತ್ತದೆ. ಮೆಷಿನ್ ನಿಮ್ಮ ಕೈಗೇ ತೆಗೆದುಕೊಂಡು ದಿರ್ಹಂ ಒತ್ತಿ.

ಇನ್ನು ಕೇಸರಿ. ಮನೆಗೆ ಬಂದು ಆರಿಸಿ ತೆಗೆದು ತಣ್ಣೀರಿಗೆ ಹಾಕಿದೆವು. ಅಸಲಿಯಾದರೆ ನೀರು ನಿಧಾನವಾಗಿ ಹಳದಿಯಾಗುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ನಮ್ಮದು ಆ ಕ್ಷಣಕ್ಕೇ ಕೆಂಪು ಬಿಟ್ಟು ಬಿಳಿಚಿಕೊಂಡಿತು. ಕೇಸರಿ ಬೇಕೇ ಬೇಕು ಅಂದರೆ ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಸೀಲ್ ಮಾಡಿದ ಡಬ್ಬಿ ತಗೊಳ್ಳಿ. ಯಾರಾದರೂ ಬಾಗಿಲಿಗೆ ಅಡ್ಡ ನಿಂತರೆ ದುಡ್ಡು ಕೊಡುವ ಮೊದಲೇ ದುಬೈ ಪೊಲೀಸರ 901ಕ್ಕೆ ಫೋನ್ ಮಾಡಿ.