ಮನೆಯ ತೊಟ್ಟಿಯಲ್ಲಿ ಸಾಕಲು ಉಪ್ಪುನೀರಿನ ಮೀನು: ಹಾಸನದಲ್ಲೇ ತರಿಸಬೇಕಾ, ಬೆಂಗಳೂರಿಗೆ ಹೋಗಬೇಕಾ?

ಆಯ್ಕೆ ಬೆಂಗಳೂರಿನಲ್ಲೇ ಜಾಸ್ತಿ, ಎರಡು ಮಾತಿಲ್ಲ. ಮೀನು ತಿನ್ನುತ್ತದಾ ಎಂದು ಕಣ್ಣಾರೆ ನೋಡಿ ಕೊಳ್ಳಬಹುದು. ಆದರೆ ಅದು ಸುಮಾರು 180 ಕಿಲೋಮೀಟರ್ ಚೀಲದಲ್ಲೇ ಬರಬೇಕು. ಅಲ್ಲಿಂದ ನಾನು ತಂದ ಕ್ಲೌನ್ ಮೀನು (ಬಿಳಿ ಪಟ್ಟೆಯ ಸಣ್ಣ ಸಮುದ್ರದ ಮೀನು) ಮೂರನೇ ದಿನ ಸತ್ತಿತು. ಅಂಗಡಿಗೆ ಫೋನ್ ಮಾಡಿದರೆ 'ನಿಮ್ಮ ನೀರಿನದೇ ತಪ್ಪು' ಎಂದರು. ಮಾತು ನಿಜವೇ. ನನ್ನ ತೊಟ್ಟಿಗೆ ಆಗ ಹತ್ತೇ ದಿನ. ಮೀನಿನ ಕೊಳೆಯಿಂದ ಬರುವ ವಿಷ ಅಮೋನಿಯಾವನ್ನು ಬದಲಾಯಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮಾರುವ ಮುಂಚೆ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ನಾನು ಹೋಗುವ ಹಾಸನದ ಅಂಗಡಿಯಲ್ಲಿ ಗೋಲ್ಡ್‌ಫಿಶ್, ಗಪ್ಪಿಗಳದೇ ರಾಜ್ಯ. ಸಮುದ್ರದ ಮೀನನ್ನು ಹೇಳಿ ತರಿಸಬೇಕು, ಸಾಗಣೆ ಖರ್ಚು ನಿಮ್ಮ ತಲೆಗೇ. ಆದರೆ ರಾತ್ರಿ ಪಂಪ್ ಕೆಟ್ಟರೆ ಬೆಳಿಗ್ಗೆಯೇ ಹೊಸದು ಸಿಗುತ್ತದೆ. ಅದು ಸಣ್ಣ ಮಾತಲ್ಲ.

ತೊಟ್ಟಿಗೆಂದೇ ಬರುವ ಸಮುದ್ರದ ಉಪ್ಪಿನ ಪುಡಿ, ನೀರಿನ ಸಾಂದ್ರತೆ ಅಳೆಯುವ ಸಾಧನ ಆನ್‌ಲೈನ್‌ನಲ್ಲೇ ತರಿಸಿ. ಅಳತೆ 1.025ರ ಆಸುಪಾಸು ಇರಲಿ. ಅಡುಗೆ ಉಪ್ಪು ಮಾತ್ರ ಬೇಡ.

ಮೊದಲ ತೊಟ್ಟಿ, ಒಂದು ಜೋಡಿ ಕ್ಲೌನ್ ಸಾಕು ಎನ್ನುವವರಿಗೆ ಊರಿನ ಅಂಗಡಿಯೇ ಸರಿ. ಹವಳ ಬೇಕೆಂದರೆ ಬೆಂಗಳೂರಿಗೇ ಹೋಗಿ, ಥರ್ಮೋಕೋಲ್ ಡಬ್ಬ ಮರೆಯಬೇಡಿ.