ಶಿವಮೊಗ್ಗದಿಂದ ಮನೆಗೇ ಬಂದು ಮಾಡುವ ಡ್ರೆಸಿಂಗ್: ಫಿಕ್ಸೇಟರ್ ಪಿನ್‌ಗಳ ಆರೈಕೆಯ ಬಗ್ಗೆ ನಮ್ಮ ಅನುಭವ

ಮೊಣಕಾಲ ಕೆಳಗಿನ ಮೂಳೆ ಮುರಿದು, ಹೊರಗಿನಿಂದ ಫಿಕ್ಸೇಟರ್ (ಮೂಳೆಗೆ ಇಳಿಸಿದ ಪಿನ್‌ಗಳನ್ನು ಕಾಲಿನ ಹೊರಗೆ ಹಿಡಿದಿಡುವ ಚೌಕಟ್ಟು) ಹಾಕಿಸಿಕೊಂಡು ಬಂದ ನಮ್ಮ ಚಿಕ್ಕಪ್ಪನವರಿಗಾಗಿ, ಶಿವಮೊಗ್ಗದಿಂದ ನರ್ಸ್‌ಗಳನ್ನು ಕಳುಹಿಸುವ ಸೇವೆಯೊಂದನ್ನು ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಬಳಸಿದೆವು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದಕ್ಕೂ ಕಾರಣವಿದೆ.

ಚರ್ಮವನ್ನು ತೂರಿ ಮೂಳೆಯವರೆಗೆ ಇಳಿದಿರುವ ಪ್ರತಿಯೊಂದು ಪಿನ್ನೂ ಚರ್ಮದ ಮೇಲಿನ ರೋಗಾಣುಗಳಿಗೆ, ಮುಖ್ಯವಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ, ಒಳಹೋಗುವ ದಾರಿಯಾಗುತ್ತದೆ. ಮೊದಲ ಭೇಟಿಗೆ ಬಂದ ಸಿಸ್ಟರ್ ಗಾಯಕ್ಕೆ ಕೈಹಾಕುವ ಮೊದಲೇ ಡಿಸ್ಚಾರ್ಜ್ ಚೀಟಿಯನ್ನು ಪೂರ್ತಿ ಓದಿ, ಆಪರೇಷನ್ ಮಾಡಿದ ವೈದ್ಯರೊಡನೆ ಫೋನಿನಲ್ಲಿ ಮಾತನಾಡಿ, ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದಿಂದ ವಾರಕ್ಕೊಮ್ಮೆ ಸ್ವಚ್ಛ ಮಾಡುವುದೆಂದು ಖಚಿತಪಡಿಸಿಕೊಂಡರು. ದಿನಾ ತೊಳೆಯದಿದ್ದರೆ ನಂಜಾಗುವುದಿಲ್ಲವೇ ಎಂಬ ಚಿಕ್ಕಮ್ಮನ ಆತಂಕಕ್ಕೂ ಅವರು ಸಮಾಧಾನದಿಂದ ಉತ್ತರಿಸಿದರು. ಯಾವುದೋ ಒಂದು ವಿಧಾನವೇ ಶ್ರೇಷ್ಠವೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಈ ಬಗೆಗಿನ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2013ರ ಕೊಕ್ರೇನ್ ಅವಲೋಕನವೂ ಹೇಳಿರುವುದರಿಂದ, ತಮ್ಮದೇ ಪದ್ಧತಿಯನ್ನು ಹೇರದೆ ವೈದ್ಯರ ಸೂಚನೆಯನ್ನು ಹಿಡಿದದ್ದು ನನಗೆ ಸರಿಯೆನಿಸಿತು.

ಅವರ ಕೆಲಸವನ್ನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಸೋಪಿನಿಂದ ಕೈತೊಳೆದು, ಒಂದು ಪಿನ್ನಿಗೆ ಬಳಸಿದ ಗಾಜ್ ತುಂಡನ್ನು ಮತ್ತೊಂದಕ್ಕೆ ಮುಟ್ಟಿಸದೆ, ಒಣಗಿದ ಹಕ್ಕಳೆಯನ್ನು ಬಲವಂತವಾಗಿ ಕೀಳದೆ ಒರೆಸುತ್ತಿದ್ದರು. ಆಮೇಲೆ ಪಿನ್ನಿನ ಬುಡಕ್ಕೆ ಗಾಜ್ ಸುತ್ತಿ ಹದವಾಗಿ ಒತ್ತಿ ಕಟ್ಟುತ್ತಿದ್ದರು. ಪಿನ್ನಿನ ಸುತ್ತ ಚರ್ಮ ಅಲುಗಾಡಿದಷ್ಟೂ ಸೋಂಕಿಗೆ ಅವಕಾಶ ಹೆಚ್ಚು ಎಂಬುದು ಅವರ ವಿವರಣೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಎಂದು ಸಲಹೆ ಕೊಡಲು ಬಂದ ನೆಂಟರಿಗೂ ಅಲ್ಲಿ ಏನನ್ನೂ ಹಚ್ಚಬಾರದೆಂದು ಮರ್ಯಾದೆಯಿಂದಲೇ ತಿಳಿಸಿದರು.

ಕೊರತೆ ಕಂಡದ್ದು ಅವರು ಮಾರುವ ಕಿಟ್‌ನಲ್ಲಿ. ಅದರಲ್ಲಿ ಸಾಮಾನ್ಯ ಹತ್ತಿಯ ಸುರುಳಿಯಿತ್ತು. ಹತ್ತಿಯ ಎಳೆಗಳು ಪಿನ್ನಿನ ಬುಡದಲ್ಲಿ ಸಿಕ್ಕಿಕೊಳ್ಳುತ್ತವೆಂದು ಸಿಸ್ಟರೇ ಅದನ್ನು ಪಕ್ಕಕ್ಕಿಟ್ಟು, ಎಳೆ ಬಿಡದ ಗಾಜ್ ತರಿಸಿದರು; ಬಳಸಬಾರದ ಸಾಮಾನಿಗೆ ಹಣ ಪಡೆಯುವುದು ನ್ಯಾಯವಲ್ಲ. ಇನ್ನೊಂದು ತೊಂದರೆ ನಮ್ಮ ಮಳೆಯದು. ಡ್ರೆಸಿಂಗ್ ನೆನೆದರೆ ವಾರ ತುಂಬುವವರೆಗೆ ಕಾಯದೆ ಕೂಡಲೇ ಬದಲಿಸಬೇಕು, ಆದರೆ ಜೋರು ಮಳೆಯ ದಿನ ಕರೆದಾಗ ಅವರಿಂದ ಯಾರೂ ಬರಲಾಗಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಚಿಕ್ಕಮ್ಮನಿಗೆ ಎಲ್ಲವನ್ನೂ ಕೈಯಾರೆ ಮಾಡಿಸಿ ಕಲಿಸಿದ್ದರಿಂದ ಕೆಲಸ ನಿಲ್ಲಲಿಲ್ಲ. ಈ ಸೇವೆಯಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಈ ಕಲಿಸುವಿಕೆಗೇ.

ಮೊದಲ ದಿನಗಳಲ್ಲಿ ತೆಳುವಾದ ನೀರು ಸ್ವಲ್ಪ ಒಸರುವುದು ಸಹಜವೆಂದೂ, ಕೆಂಪು ಹರಡಿದರೆ, ನೋವು ಏರಿದರೆ, ಗಟ್ಟಿ ಕೀವು ಬಂದರೆ, ಪಿನ್ ಅಲುಗಾಡಿದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದೂ ಅವರು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಮೊಣಕಾಲ ಹತ್ತಿರದ ಪಿನ್ನಿನ ಸುತ್ತ ಒಮ್ಮೆ ಕೆಂಪಾದಾಗ ಆ ಚೀಟಿ ನೋಡಿಯೇ ಚಿಕ್ಕಪ್ಪನವರನ್ನು ವೈದ್ಯರ ಬಳಿ ಕರೆದೊಯ್ದೆವು. ಅವರು ಕೊಟ್ಟ ಮಾತ್ರೆಗಳಿಂದ ಅದು ಇಳಿಯಿತು.

ಆಗುಂಬೆ, ಹೊಸನಗರದ ಕಡೆಯವರು ಇಂಥ ಸೇವೆ ಗೊತ್ತುಮಾಡುವಾಗ ವಾಹನದ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಬೇಕು, ಪ್ರತಿ ಸಲವೂ ಅದೇ ಸಿಸ್ಟರನ್ನು ಕಳುಹಿಸುವಂತೆ ಕೇಳಬೇಕು. ಕಿಟ್ ಬೇಡವೆಂದರೆ ಅವರು ಒತ್ತಾಯಿಸುವುದಿಲ್ಲ.